ಬಿಸಿಯಾದಾಗ ಮಾತ್ರ ಕೈಕೊಡುವ ಇಗ್ನೈಟರ್: ಚಿಕ್ಕಬಳ್ಳಾಪುರದ ಒಂದು ಪ್ರಕರಣ

ಕಾರು 1990ರ ದಶಕದ ಕೊನೆಯದು. ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಕಾರ್ಬ್ಯುರೇಟರ್, ಕಿಡಿಯ ಕರೆಂಟನ್ನು ಸಿಲಿಂಡರುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್. ಯಜಮಾನರು ಶಿಡ್ಲಘಟ್ಟದ ರೇಷ್ಮೆ ರೀಲರ್, ಅಂದರೆ ಗೂಡಿನಿಂದ ನೂಲು ತೆಗೆಯುವವರು. ಹಿಂದಿನ ಸೀಟಿನಲ್ಲಿ ಗೂಡಿನ ವಾಸನೆ ಕಾಯಂ ಆಗಿ ನೆಲೆಸಿದೆ. ಅವರ ದೂರು ಹೀಗಿತ್ತು: ಬೆಳಗ್ಗೆ ಗೂಡಿನ ಮಾರುಕಟ್ಟೆಗೆ ಹೋಗುವಾಗ ಏನೂ ತೊಂದರೆಯಿಲ್ಲ. ಮಧ್ಯಾಹ್ನ ಬಿಸಿಲಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಬಂದು, ಬ್ಯಾಂಕಿನ ಮುಂದೆ ನಿಲ್ಲಿಸಿ, ಕೆಲಸ ಮುಗಿಸಿ ಬಂದು ಕೀಲಿ ತಿರುಗಿಸಿದರೆ ಸೆಲ್ಫ್ ಜೋರಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಅರ್ಧ ಗಂಟೆ ಕಾದರೆ ಏನೂ ಆಗಿಯೇ ಇಲ್ಲವೆಂಬಂತೆ ಒಂದೇ ಹೊಡೆತಕ್ಕೆ ಸ್ಟಾರ್ಟ್ ಆಗುತ್ತದೆ. ಬೇಸಿಗೆ ಏರಿದಂತೆ ರಸ್ತೆಯಲ್ಲಿ ಓಡುತ್ತಿರುವಾಗಲೇ ನಿಲ್ಲುವುದೂ ಶುರುವಾಗಿತ್ತು.

"ಮೇಸ್ತ್ರಿ, ಗ್ಯಾರೇಜಿಗೆ ತಂದಾಗಲೆಲ್ಲ ಇದು ಸರಿಯಾಗಿಯೇ ಇರುತ್ತದೆ. ನಾನೇ ಸುಳ್ಳು ಹೇಳುತ್ತಿದ್ದೇನೆ ಎಂದು ಮೆಕ್ಯಾನಿಕ್‌ಗಳು ನೋಡುತ್ತಾರೆ" ಎಂದರು.

ಈ ಜಾತಿಯ ದೋಷದ ತೊಡಕೇ ಅದು. ಬಿಡಿಭಾಗ ಕೆಟ್ಟಿರುವುದು ಬಿಸಿಯಲ್ಲಿ, ಅದನ್ನು ನಾವು ಪರೀಕ್ಷಿಸುವುದು ತಣ್ಣಗಿರುವಾಗ. ಗಾಡಿ ಯಾವ ಸ್ಥಿತಿಯಲ್ಲಿ ಕೈಕೊಡುತ್ತದೆಯೋ ಅದೇ ಸ್ಥಿತಿಯಲ್ಲಿ, ಕೈಕೊಟ್ಟ ಹೊತ್ತಿನಲ್ಲೇ ಮೀಟರ್ ಇಡದಿದ್ದರೆ ಉಳಿದ ಪರೀಕ್ಷೆಗಳೆಲ್ಲ ಊಹೆಗೆ ಹೊದಿಸಿದ ಅಂಗಿ. ಈ ಪ್ರಕರಣವನ್ನು ವಿವರವಾಗಿ ಬರೆಯುತ್ತಿರುವುದಕ್ಕೂ ಅದೇ ಕಾರಣ.

ಹಳೆಯ ಬಿಲ್ಲುಗಳು

ಬಾನೆಟ್ ತೆಗೆಯುವ ಮೊದಲು ಡ್ಯಾಷ್‌ಬೋರ್ಡಿನ ಪೆಟ್ಟಿಗೆಯಲ್ಲಿದ್ದ ಬಿಲ್ಲುಗಳನ್ನು ಓದಿದೆ. ಯಜಮಾನರು ಗೂಡಿನ ಲೆಕ್ಕ ಇಡುವವರಲ್ಲವೇ, ಒಂದು ಚೀಟಿಯನ್ನೂ ಎಸೆದಿರಲಿಲ್ಲ. ಕಾರ್ಬ್ಯುರೇಟರ್ ಬಿಚ್ಚಿ ತೊಳೆದದ್ದು, ಹೊಸ ಪೆಟ್ರೋಲ್ ಪಂಪು, ಪ್ಲಗ್‌ಗಳು, ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಇಗ್ನಿಷನ್ ಕಾಯಿಲ್ ಹೊಸದು, ಎಲ್ಲವೂ ಈ ಬೇಸಿಗೆಯವು. ಅವುಗಳಿಗಿಂತ ಹಳೆಯದಾದ, ಸುಮಾರು ಎರಡು ವರ್ಷ ಹಿಂದಿನ ಇನ್ನೊಂದು ಚೀಟಿ ಇತ್ತು: "ಇಗ್ನೈಟರ್ ಬದಲು". ಇಗ್ನೈಟರ್ ಎಂದರೆ ಡಿಸ್ಟ್ರಿಬ್ಯೂಟರ್ ಒಳಗೆ ಕೂತು ಕಿಡಿ ಹುಟ್ಟಿಸುವ ಎಲೆಕ್ಟ್ರಾನಿಕ್ ಮಾಡ್ಯೂಲ್. ಆಗ ಬೇರೆ ಊರಿಗೆ ಹೋಗಿದ್ದಾಗ ಗಾಡಿ ಪೂರ್ತಿ ನಿಂತು, ಅಲ್ಲಿಯೇ ರಿಪೇರಿ ಮಾಡಿಸಿದ್ದರಂತೆ. ಯಾವ ಭಾಗ ಎಷ್ಟು ಹೊಸದು, ಯಾರ ಕೈ ಎಲ್ಲಿ ಆಡಿದೆ ಎಂಬುದು ಬಿಲ್ಲುಗಳಿಂದ ತಿಳಿಯುವಷ್ಟು ಎಂಜಿನ್ ನೋಡಿದರೆ ತಿಳಿಯುವುದಿಲ್ಲ.

ಪೆಟ್ರೋಲ್ ಪೈಪಿಗೆ ಯಾರೋ ಬಟ್ಟೆ ಸುತ್ತಿ ದಾರ ಕಟ್ಟಿದ್ದರು. ಅಂದರೆ ಅವರ ತೀರ್ಮಾನ "ಏರ್‌ಲಾಕ್". ಬಿಸಿಗೆ ಪೆಟ್ರೋಲ್ ಪೈಪಿನೊಳಗೇ ಆವಿಯಾಗಿ, ಪಂಪು ಆವಿಯನ್ನು ತಳ್ಳಲಾರದೆ ಎಂಜಿನ್ ನಿಲ್ಲುವುದು. ಇದಕ್ಕೆ ಈಗ ಎಲ್ಲರ ಬಾಯಲ್ಲೂ ಸಿದ್ಧವಾಗಿರುವ ಕಾರಣವೆಂದರೆ ಎಥನಾಲ್. ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ 2023ರಲ್ಲಿ ಬಂಕುಗಳಿಗೆ ಬರತೊಡಗಿ, 2025ರ ಹೊತ್ತಿಗೆ ದೇಶದ ತುಂಬ ಹರಡಿತು. ಅಂದಿನಿಂದ ಹಳೆಯ ಗಾಡಿಗೆ ಏನೇ ಆದರೂ ಅಪರಾಧ ಅದರದ್ದೇ. ಎಥನಾಲ್ ಬೆರೆತರೆ ಪೆಟ್ರೋಲ್ ಆವಿಯಾಗುವ ಗುಣ ಬದಲಾಗುತ್ತದೆ ಎಂಬುದು ನಿಜ, ಕಾರ್ಬ್ಯುರೇಟರ್ ಗಾಡಿಯಲ್ಲಿ ಏರ್‌ಲಾಕ್ ಆಗುವುದೂ ನಿಜ. ಲಕ್ಷಣವೂ ಕೂದಲೆಳೆ ವ್ಯತ್ಯಾಸವಿಲ್ಲದೆ ಇದೇ: ಬಿಸಿಯಲ್ಲಿ ನಿಲ್ಲುವುದು, ತಣ್ಣಗಾದರೆ ಹೊರಡುವುದು. ಆದ್ದರಿಂದ ಹಿಂದಿನ ಮೆಕ್ಯಾನಿಕ್‌ಗಳು ದಡ್ಡರೆಂದು ಹೇಳಲಾರೆ. ನಿಂತ ಕ್ಷಣದಲ್ಲಿ ಕಿಡಿ ಇದೆಯೋ ಇಲ್ಲವೋ ಎಂದು ಒಬ್ಬರೂ ನೋಡಿರಲಿಲ್ಲ ಎಂಬುದಷ್ಟೇ ನನ್ನ ತಕರಾರು.

ಮಾಡ್ಯೂಲ್ ಮಾಡುವ ಕೆಲಸ

ಪಾಯಿಂಟ್ ಸೆಟ್ ಕಾಲದ ಗಾಡಿಗಳಲ್ಲಿ ಕಾಯಿಲ್‌ನ ಪ್ರೈಮರಿ ಸುರುಳಿಗೆ ಹೋಗುವ ಕರೆಂಟನ್ನು ಕೂಡಿಸುವುದು, ಕಡಿಯುವುದು ಪಾಯಿಂಟುಗಳ ಕೆಲಸವಾಗಿತ್ತು. ಆ ಕೆಲಸವನ್ನು ಇಲ್ಲಿ ಮಾಡ್ಯೂಲಿನ ಪವರ್ ಟ್ರಾನ್ಸಿಸ್ಟರ್ ಮಾಡುತ್ತದೆ. ಯಾವಾಗ ಕಡಿಯಬೇಕೆಂದು ಹೇಳುವುದು ಡಿಸ್ಟ್ರಿಬ್ಯೂಟರ್ ಒಳಗಿನ ಪಿಕಪ್ ಕಾಯಿಲ್; ಹಲ್ಲಿರುವ ರೋಟರ್ ಅದರ ಮುಂದೆ ಹಾದುಹೋದಾಗಲೆಲ್ಲ ಅದರಲ್ಲಿ ಸಣ್ಣದೊಂದು ವೋಲ್ಟೇಜ್ ಹುಟ್ಟುತ್ತದೆ. ಕರೆಂಟ್ ಕಡಿದ ಕ್ಷಣ ಪ್ರೈಮರಿಯಲ್ಲಿ 300ರಿಂದ 400 ವೋಲ್ಟ್ ಏಳುತ್ತದೆ, ಪ್ಲಗ್‌ಗಳ ಕಡೆಗಿನ ಸೆಕೆಂಡರಿ ಸುರುಳಿಯಲ್ಲಿ ಅದು 20 ಸಾವಿರ ವೋಲ್ಟ್ ದಾಟುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಮಾಡ್ಯೂಲ್ ಸೆಕೆಂಡಿಗೆ 100 ಬಾರಿ ಇದನ್ನು ಮಾಡಬೇಕು. ಹಲವು ಆಂಪಿಯರ್ ಕರೆಂಟನ್ನು ಹಾಗೆ ಕೂಡಿಸಿ ಕಡಿಯುವಾಗ ಅದು ತಾನೇ ಬಿಸಿಯಾಗುತ್ತದೆ. ಮೇಲೆ ಎಂಜಿನ್ನಿನ ಬಿಸಿ ಬೇರೆ. ಒಳಗಿನ ಬೆಸುಗೆಯಲ್ಲಿ ಕಣ್ಣಿಗೆ ಕಾಣದ ಬಿರುಕಿದ್ದರೆ ಬಿಸಿಗೆ ಹಿಗ್ಗಿದಾಗ ಅದು ಬಾಯಿ ಬಿಡುತ್ತದೆ, ತಣ್ಣಗಾದಾಗ ಮುಚ್ಚಿಕೊಳ್ಳುತ್ತದೆ.

ಇನ್ನೊಂದು ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಗಾಡಿ ನಿಲ್ಲಿಸಿದ ಮೇಲೆ ಬಾನೆಟ್ ಕೆಳಗಿನ ಬಿಸಿ ಕೂಡಲೇ ಇಳಿಯುವುದಿಲ್ಲ, ಮೊದಲು ಏರುತ್ತದೆ. ಎಂಜಿನ್ನಿನ ಲೋಹ ಸುಡುತ್ತಲೇ ಇರುತ್ತದೆ, ಒಳಗೆ ನೀರು ಹರಿಯುವುದಿಲ್ಲ, ಓಡುವಾಗ ಬೀಸುತ್ತಿದ್ದ ಗಾಳಿಯೂ ಇಲ್ಲ. ನಿಲ್ಲಿಸಿದ ಹತ್ತು ಹದಿನೈದು ನಿಮಿಷದ ಹೊತ್ತಿಗೆ ಡಿಸ್ಟ್ರಿಬ್ಯೂಟರ್ ಓಡುತ್ತಿದ್ದಾಗ ಇದ್ದುದಕ್ಕಿಂತ ಹೆಚ್ಚು ಬಿಸಿಯಾಗಿರುತ್ತದೆ. ಬ್ಯಾಂಕಿನ ಕೆಲಸ ಮುಗಿಯಲು ಹಿಡಿಯುವ ಹೊತ್ತೂ ಸರಿಸುಮಾರು ಅಷ್ಟೇ.

ತಣ್ಣಗಿರುವಾಗ ಸಿಕ್ಕ ಲೆಕ್ಕ

ಗ್ಯಾರೇಜಿನಲ್ಲಿ ಬೆಳಗ್ಗೆ ಮಾಡಿದ ಪರೀಕ್ಷೆಗಳಲ್ಲಿ ದೋಷ ಸಿಗಲಿಲ್ಲ. ಸಿಗುತ್ತದೆಂಬ ನಿರೀಕ್ಷೆಯೂ ಇರಲಿಲ್ಲ. ಬಿಸಿಯಲ್ಲಿ ಹೋಲಿಸಿ ನೋಡಲು ಒಂದು ಆಧಾರ ಬೇಕು, ಅದಕ್ಕಾಗಿ ಬರೆದಿಟ್ಟುಕೊಂಡೆ. ಬ್ಯಾಟರಿ 12.6 ವೋಲ್ಟ್, ಸೆಲ್ಫ್ ಹೊಡೆಯುವಾಗ 10.4ಕ್ಕಿಂತ ಕೆಳಗಿಳಿಯಲಿಲ್ಲ. ಕೀಲಿ ಹಾಕಿದಾಗ ಕಾಯಿಲ್‌ನ ಪ್ಲಸ್ ತುದಿಗೆ ಬ್ಯಾಟರಿಯ ವೋಲ್ಟೇಜ್ ಹೆಚ್ಚುಕಡಿಮೆ ಪೂರ್ತಿ ಬರುತ್ತಿತ್ತು. ಕಾಯಿಲ್ ಪ್ರೈಮರಿ 1.3 ಓಮ್. ಇಷ್ಟು ಕಡಿಮೆ ಓಮ್ ಅಳೆಯುವಾಗ ಮೊದಲು ಮೀಟರಿನ ಎರಡು ತುದಿಗಳನ್ನು ಒಂದಕ್ಕೊಂದು ಮುಟ್ಟಿಸಿ, ವೈರುಗಳದ್ದೇ ಆದ ಓಮ್ ಎಷ್ಟೆಂದು ನೋಡಿ ಕಳೆಯಬೇಕು. ನನ್ನ ಮೀಟರ್ 0.3 ತೋರಿಸುತ್ತದೆ, ಅದನ್ನು ಕಳೆಯದಿದ್ದರೆ ಒಳ್ಳೆಯ ಕಾಯಿಲ್ ಕೂಡ ಕೆಟ್ಟಂತೆ ಕಾಣುತ್ತದೆ. ಪಿಕಪ್ ಕಾಯಿಲ್ 160 ಓಮ್; ಅದರ ತುದಿಗೂ ಬಾಡಿಗೂ ಸಂಪರ್ಕವಿಲ್ಲ; ಸೆಲ್ಫ್ ಹೊಡೆದಾಗ ಎಸಿ ಸ್ಕೇಲಿನಲ್ಲಿ ಸುಮಾರು 1 ವೋಲ್ಟ್. ಪಿಕಪ್ ವೈರನ್ನು ಬೆರಳಿನಿಂದ ಅಲ್ಲಾಡಿಸಿಯೂ ನೋಡಿದೆ. ಕಿಡಿಯ ಸಮಯ ಹೊಂದಿಸುವ ವ್ಯಾಕ್ಯೂಮ್ ಅಡ್ವಾನ್ಸ್ ಪ್ಲೇಟು ಹಿಂದೆ ಮುಂದೆ ಆಡುವಾಗ ಆ ವೈರು ಪ್ರತಿ ಬಾರಿಯೂ ಬಾಗುತ್ತದೆ, ಹೊರಗಿನ ಪ್ಲಾಸ್ಟಿಕ್ ನೆಟ್ಟಗಿದ್ದು ಒಳಗಿನ ತಂತಿ ತುಂಡಾಗಿರುವುದು ಅಪರೂಪವಲ್ಲ. ಇಲ್ಲಿ ಹಾಗಿರಲಿಲ್ಲ. ರೇಡಿಯೇಟರ್ ಫ್ಯಾನು, ಥರ್ಮೊಸ್ಟಾಟ್ ಸರಿಯಿದ್ದವು. ಎಂಜಿನ್ ಅತಿಯಾಗಿ ಬಿಸಿಯಾಗುತ್ತಿರಲಿಲ್ಲ.

ಕಿಡಿಯ ವೋಲ್ಟೇಜ್ ಒಯ್ಯುವ ಹೈ ಟೆನ್ಷನ್ ವೈರನ್ನು ಕಿತ್ತು ಬಾಡಿಗೆ ಹತ್ತಿರ ಹಿಡಿದು ಕಿಡಿ ನೋಡುವ ಹಳೆಯ ಪದ್ಧತಿಯನ್ನು ನಾನು ಗ್ಯಾರೇಜಿನಲ್ಲಿ ನಿಲ್ಲಿಸಿದ್ದೇನೆ. ಪಾಯಿಂಟ್ ಸೆಟ್ ಗಾಡಿಯಲ್ಲಿ ಅದು ನಡೆಯುತ್ತಿತ್ತು. ಮಾಡ್ಯೂಲ್ ಇರುವ ಗಾಡಿಯಲ್ಲಿ ಕಿಡಿ ಹಾರಲು ದಾರಿಯಿಲ್ಲದಷ್ಟು ದೂರ ವೈರನ್ನು ಹಿಡಿದರೆ ವೋಲ್ಟೇಜ್ ಎಲ್ಲಿ ಇನ್ಸುಲೇಷನ್ ತೆಳುವಾಗಿದೆಯೋ ಅಲ್ಲಿ ನುಗ್ಗುತ್ತದೆ. ಅದು ಕಾಯಿಲ್‌ನ ಹೊಟ್ಟೆಯಾಗಬಹುದು, ಮಾಡ್ಯೂಲ್ ಆಗಬಹುದು, ನಿಮ್ಮ ಕೈಯೂ ಆಗಬಹುದು. ಪರೀಕ್ಷಿಸುತ್ತಲೇ ಭಾಗವನ್ನು ಕೊಲ್ಲುವ ವಿಧಾನ ಅದು. ಅಂತರ ಹೊಂದಿಸಬಹುದಾದ ಸ್ಪಾರ್ಕ್ ಟೆಸ್ಟರ್ ದುಬಾರಿಯಲ್ಲ. ಅದರ ಕ್ಲಿಪ್ಪನ್ನು ಎಂಜಿನ್ನಿಗೆ ಕಚ್ಚಿಸಿ, ಪೆಟ್ರೋಲ್ ವಾಸನೆ ಇಲ್ಲದ ಕಡೆ ಇಟ್ಟು ನೋಡಬೇಕು. 6 ಮಿಲಿಮೀಟರ್ ಅಂತರವನ್ನು ನೀಲಿ ಕಿಡಿ ಚಟಪಟನೆ ಹಾರುತ್ತಿತ್ತು. ತಣ್ಣಗಿದ್ದಾಗ ಅಂದರೆ.

ನಂದಿ ಬೆಟ್ಟದ ದಾರಿ

ದೋಷವನ್ನು ಕರೆಸಬೇಕಿತ್ತು. ಅದಕ್ಕೆ ಚಿಕ್ಕಬಳ್ಳಾಪುರದವರು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ನಂದಿ ಬೆಟ್ಟದ ತುದಿ ಸಮುದ್ರಮಟ್ಟದಿಂದ 1478 ಮೀಟರ್ ಎತ್ತರ. ಏಪ್ರಿಲ್ ಮಧ್ಯಾಹ್ನ ತಿರುವು ತಿರುವಿನಲ್ಲೂ ಎರಡನೆಯ ಗೇರಿನಲ್ಲಿ ಏರಿದರೆ ಎಂಜಿನ್ ಪೂರ್ತಿ ದುಡಿಯುತ್ತದೆ, ಮುಂದಿನಿಂದ ಬೀಸುವ ಗಾಳಿ ಕಡಿಮೆ. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುವುದರಿಂದ ಪೆಟ್ರೋಲ್ ಇನ್ನೂ ಸುಲಭವಾಗಿ ಆವಿಯಾಗುತ್ತದೆ. ಅಂದರೆ ಏರ್‌ಲಾಕ್ ವಾದಕ್ಕೂ ಪೂರ್ತಿ ಅವಕಾಶ ಕೊಟ್ಟಂತಾಯಿತು.

ಹೊರಡುವ ಮೊದಲು ಡ್ಯಾಷ್‌ಬೋರ್ಡಿನ ಮೇಲೆ ಎರಡು ಎಲ್‌ಇಡಿ ಕೂರಿಸಿದೆ. ಹಸಿರು ದೀಪ ಕಾಯಿಲ್‌ನ ಪ್ಲಸ್ ತುದಿಯಿಂದ ಬಾಡಿಗೆ. ಕೀಲಿಯಿಂದ ಕರೆಂಟ್ ಬರುತ್ತಿದೆಯೇ ಎಂದು ತೋರಿಸಲು. ಕೆಂಪು ದೀಪ ಕಾಯಿಲ್‌ನ ಪ್ಲಸ್‌ನಿಂದ ಕಾಯಿಲ್‌ನ ಮೈನಸ್‌ಗೆ. ಮಾಡ್ಯೂಲ್ ಕರೆಂಟ್ ಕೂಡಿಸಿದಾಗಲೆಲ್ಲ ಅದು ಹೊತ್ತುತ್ತದೆ. ಎರಡಕ್ಕೂ 2.2 ಕಿಲೋಓಮ್ ರೆಸಿಸ್ಟರ್, ಕೆಂಪು ದೀಪಕ್ಕೆ ಮೇಲಾಗಿ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ 1ಎನ್4007 ಡಯೋಡ್. ಡಯೋಡ್ ಇಲ್ಲದಿದ್ದರೆ ಕರೆಂಟ್ ಕಡಿದಾಗ ಏಳುವ 300 ವೋಲ್ಟಿನ ಮೊದಲ ಪೆಟ್ಟಿಗೇ ಎಲ್‌ಇಡಿ ಸಾಯುತ್ತದೆ. ಈ ಜಾಗದಲ್ಲಿ ತಂತಿಯ ಬಲ್ಬು ಹಾಕುವವರಿದ್ದಾರೆ, ಹಾಕಬಾರದು. ಕಿಡಿಗೆ ಹೋಗಬೇಕಾದ ಶಕ್ತಿಯನ್ನು ಬಲ್ಬೇ ನುಂಗುತ್ತದೆ, ಚೆನ್ನಾಗಿರುವ ಗಾಡಿಯೂ ನಿಂತುಬಿಡುತ್ತದೆ.

ಎಂಜಿನ್ನಿನ ಸುತ್ತು ತೋರಿಸುವ ರೆವ್ ಮೀಟರ್ ಇರುವ ಗಾಡಿಗಳಲ್ಲಿ ಇಷ್ಟು ಪಾಡು ಬೇಡ. ಗೇರಿನಲ್ಲಿ ಓಡುತ್ತಿದ್ದಂತೆಯೇ ಎಂಜಿನ್ ಸತ್ತರೆ, ಚಕ್ರಗಳು ಎಂಜಿನ್ನನ್ನು ತಿರುಗಿಸುತ್ತಲೇ ಇರುತ್ತವೆ. ಆಗ ಮುಳ್ಳು ಥಟ್ಟನೆ ಸೊನ್ನೆಗೆ ಬಿದ್ದರೆ ದೋಷ ಇಗ್ನಿಷನ್ನಿನದು; ಗಾಡಿಯ ವೇಗದೊಂದಿಗೆ ನಿಧಾನವಾಗಿ ಇಳಿದರೆ ಪೆಟ್ರೋಲಿನ ಕಡೆಯದು. ಕಾಯಿಲ್‌ನ ಮೈನಸ್ ತುದಿಯಿಂದ ಸಂಕೇತ ಪಡೆಯುವ ಮೀಟರುಗಳಿಗೆಲ್ಲ ಇದು ಅನ್ವಯಿಸುತ್ತದೆ. ಈ ಕಾರಿನಲ್ಲಿ ಆ ಮೀಟರ್ ಇರಲಿಲ್ಲ.

ಏರುವಾಗ ಕಾರು ನಿಲ್ಲಲಿಲ್ಲ. ಕೆಂಪು ದೀಪ ಮಿನುಗುತ್ತಲೇ ಇತ್ತು. ಯಜಮಾನರ ಮುಖದಲ್ಲಿ "ನೋಡಿ, ಮತ್ತೆ ಹೀಗೆಯೇ" ಎಂಬ ಬೇಸರ. ಮೇಲೆ ವಾಹನ ನಿಲ್ಲಿಸುವ ಜಾಗದಲ್ಲಿ ಎಂಜಿನ್ ಆರಿಸಿ, ಬಾನೆಟ್ ತೆಗೆಯದೆ, ಚಹಾ ಕುಡಿಯುವಷ್ಟು ಹೊತ್ತು ಕಾದೆವು. ಮತ್ತೆ ಕೀಲಿ ತಿರುಗಿಸಿದಾಗ ಹಸಿರು ದೀಪ ಹೊತ್ತಿತು, ಸೆಲ್ಫ್ ತಿರುಗಿತು. ಕೆಂಪು ದೀಪ ಮಿಟುಕಲಿಲ್ಲ. ಎಂಜಿನ್ ಹಿಡಿಯಲಿಲ್ಲ.

ಈ ಎರಡು ದೀಪಗಳು ಹೇಳಿದ್ದು ಬಹಳ. ಹಸಿರು ಹೊತ್ತಿರುವುದರಿಂದ ಕೀಲಿ, ಫ್ಯೂಸು, ಆ ವೈರಿಂಗ್ ಸರಿ. ಪೆಟ್ರೋಲ್ ಇದ್ದರೂ ಇಲ್ಲದಿದ್ದರೂ ಸೆಲ್ಫ್ ತಿರುಗುವಾಗ ಕೆಂಪು ಮಿನುಗಲೇಬೇಕು. ಮಿನುಗಿಲ್ಲವಾದ್ದರಿಂದ ಸದ್ಯ ನಿಂತಿರುವುದು ಪೆಟ್ರೋಲಿನಿಂದಲ್ಲ. ಕಾಯಿಲ್ ಒಳಗೇ ಕಡಿದುಹೋಗಿದ್ದರೂ ಮಾಡ್ಯೂಲ್ ಕೆಲಸ ಮಾಡುತ್ತಿದ್ದರೆ ಎಲ್‌ಇಡಿಯ ಮೂಲಕವೇ ಕರೆಂಟ್ ಹರಿದು ಕೆಂಪು ಹೊತ್ತುತ್ತಿತ್ತು. ಆದ್ದರಿಂದ ಕಾಯಿಲ್ ಮೇಲಿನ ಅನುಮಾನವೂ ಹೋಯಿತು. ಹೊಸ ಕಾಯಿಲ್ ಹಾಕಿದರೂ ಏಕೆ ಸರಿಹೋಗಲಿಲ್ಲ ಎಂಬುದಕ್ಕೆ ಉತ್ತರ ಸಿಕ್ಕಿತು. ಉಳಿದವು ಪಿಕಪ್, ಮಾಡ್ಯೂಲ್, ಮಾಡ್ಯೂಲಿಗೆ ಬರುವ ಕರೆಂಟ್, ಅದರ ಅರ್ಥ್ (ಕರೆಂಟ್ ಬಾಡಿಯ ಮೂಲಕ ಬ್ಯಾಟರಿಯ ಮೈನಸ್‌ಗೆ ಮರಳುವ ದಾರಿ).

ತಣ್ಣಗಾಗುವ ಮೊದಲು ಕೆಲಸ ಮುಗಿಯಬೇಕು, ಹಾಗಾಗಿ ಬೇಗ ಬೇಗ. ಮೊದಲು ಸ್ಪಾರ್ಕ್ ಟೆಸ್ಟರ್: ಕಿಡಿ ಇಲ್ಲ. ಕಾರ್ಬ್ಯುರೇಟರಿನ ಬಾಯಿಯಲ್ಲಿ ನೋಡುತ್ತ ಆಕ್ಸಿಲರೇಟರ್ ಎಳೆದರೆ ಪೆಟ್ರೋಲ್ ಚಿಮ್ಮುತ್ತಿತ್ತು. ಮಾಡ್ಯೂಲಿಗೆ ಬರುವ ವೈರಿನಲ್ಲಿ 12 ವೋಲ್ಟ್ ಇತ್ತು. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಪಿಕಪ್ ಅಳೆದರೆ 188 ಓಮ್. ಸೆಲ್ಫ್ ಹೊಡೆದಾಗ ಬೆಳಗ್ಗೆ ಬಂದಷ್ಟೇ ಎಸಿ ವೋಲ್ಟೇಜ್.

"ಬೆಳಗ್ಗೆ 160 ಇತ್ತಲ್ಲ ಅಣ್ಣಾ, ಈಗ 188. ಪಿಕಪ್ ಹೋಗಿದೆ" ಎಂದ ನನ್ನ ಜೊತೆಗಿದ್ದ ಹುಡುಗ.

ಹಲವರು ಎಡವುವುದು ಇಲ್ಲಿಯೇ. ತಾಮ್ರದ ತಂತಿ ಬಿಸಿಯಾದಾಗ ಅದರ ಓಮ್ ಪ್ರತಿ ಡಿಗ್ರಿಗೆ ಸುಮಾರು ಶೇ 0.39ರಷ್ಟು ಏರುತ್ತದೆ. 160ರಿಂದ 188ಕ್ಕೆ ಅಂದರೆ ಶೇ 17.5 ಏರಿಕೆ, ಲೆಕ್ಕ ಹಾಕಿದರೆ 45 ಡಿಗ್ರಿ. ಬೆಳಗ್ಗೆ ಗ್ಯಾರೇಜಿನಲ್ಲಿ 30 ಡಿಗ್ರಿ ಇದ್ದದ್ದರಿಂದ ಈಗ ಡಿಸ್ಟ್ರಿಬ್ಯೂಟರ್ ಒಳಗೆ 75 ಡಿಗ್ರಿಯಷ್ಟು ಬಿಸಿ ಇದೆ ಎಂದಾಯಿತು. ಪಿಕಪ್ ಕೆಟ್ಟಿಲ್ಲ, ನಮಗೆ ಪುಕ್ಕಟೆ ಥರ್ಮಾಮೀಟರ್ ಆಗಿದೆ. ಈ ಅಂಕಿ ಮುಂದೆ ಉಪಯೋಗಕ್ಕೂ ಬಂತು.

ಕೊನೆಗೆ ಪೆನ್ ಟಾರ್ಚಿನ 1.5 ವೋಲ್ಟ್ ಸೆಲ್ಲು. ಪಿಕಪ್ ವೈರುಗಳನ್ನು ಬಿಡಿಸಿ, ಕೀಲಿ ಹಾಕಿ, ಮಾಡ್ಯೂಲಿನ ಪಿಕಪ್ ತುದಿಗಳಿಗೆ ಸೆಲ್ಲನ್ನು ಮುಟ್ಟಿಸಿ ತೆಗೆದರೆ, ಮಾಡ್ಯೂಲ್ ಅದನ್ನೇ ಪಿಕಪ್‌ನ ಸಂಕೇತವೆಂದು ತಿಳಿದು ಕಿಡಿ ಕೊಡಬೇಕು. ಒಂದು ದಿಕ್ಕಿನಲ್ಲಿ ಬರದಿದ್ದರೆ ಸೆಲ್ಲನ್ನು ತಿರುಗಿಸಿ ಇನ್ನೊಂದು ದಿಕ್ಕಿನಲ್ಲಿ ನೋಡಬೇಕು. ಸೆಲ್ಲನ್ನು 5 ಸೆಕೆಂಡಿಗಿಂತ ಹೆಚ್ಚು ಹೊತ್ತು ಒತ್ತಿ ಹಿಡಿಯಬಾರದು, ಒಳಗಿನ ಟ್ರಾನ್ಸಿಸ್ಟರ್ ಸುಡುತ್ತದೆ. ಮತ್ತೊಂದು ಎಚ್ಚರಿಕೆ: ಇದು ಎರಡು ವೈರಿನ, ಸುರುಳಿಯ ಪಿಕಪ್ ಇರುವ ಮಾಡ್ಯೂಲುಗಳಿಗೆ ಮಾತ್ರ. ಮೂರು ವೈರಿನ ಹಾಲ್ ಸೆನ್ಸರ್ ಇರುವಲ್ಲಿ, ಇಸಿಯು (ಎಂಜಿನ್ನಿನ ಕಂಪ್ಯೂಟರ್) ನಡೆಸುವ ಗಾಡಿಗಳಲ್ಲಿ ಇದನ್ನು ಮಾಡಬಾರದು.

ಎರಡು ದಿಕ್ಕಿನಲ್ಲೂ ಕಿಡಿ ಬರಲಿಲ್ಲ. ಬಾಟಲಿಯ ನೀರಿನಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ಡಿಸ್ಟ್ರಿಬ್ಯೂಟರಿನ ಹೊರಮೈಗೆ ಹೊದಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಅದೇ ಸೆಲ್ಲಿಗೆ ಕಿಡಿ ಬಂತು.

ಮರದ ಬೆಂಚಿನ ಮೇಲೆ

ಇಷ್ಟಕ್ಕೆ ಮಾಡ್ಯೂಲ್ ಕೆಟ್ಟಿದೆ ಎಂದು ಬರೆದು ಬಿಲ್ ಮಾಡಬಹುದಿತ್ತು. ಆದರೆ ಒಂದು ಅನುಮಾನ ಉಳಿದಿತ್ತು. ಮಾಡ್ಯೂಲಿಗೆ ಅರ್ಥ್ ಸಿಗುವುದು ಅದರ ತಳದ ಲೋಹ ಮತ್ತು ಎರಡು ಸ್ಕ್ರೂಗಳ ಮೂಲಕ. ಆ ಜಾಗ ಸಡಿಲವಾಗಿದ್ದು, ಬಿಸಿಗೆ ಹಿಗ್ಗಿದಾಗ ಅರ್ಥ್ ತಪ್ಪುತ್ತಿದ್ದರೆ? ಆಗಲೂ ಸೆಲ್ಲಿಗೆ ಕಿಡಿ ಬರುವುದಿಲ್ಲ, ಒದ್ದೆ ಬಟ್ಟೆಗೆ ಅದೂ ಸರಿಹೋಗುತ್ತದೆ. ಹೊಸ ಮಾಡ್ಯೂಲ್ ಹಾಕಿದರೆ ಸ್ಕ್ರೂ ಬಿಗಿಯಾದ ಕಾರಣಕ್ಕೇ ಸ್ವಲ್ಪ ದಿನ ಓಡಿ ಮತ್ತೆ ನಿಲ್ಲುತ್ತದೆ.

ಗ್ಯಾರೇಜಿಗೆ ಬಂದು ಅಳೆದಾಗ ಅನುಮಾನಕ್ಕೆ ಆಧಾರವೂ ಸಿಕ್ಕಿತು. ಸೆಲ್ಫ್ ಹೊಡೆಯುವಾಗ ಮಾಡ್ಯೂಲಿನ ತಳಕ್ಕೂ ಡಿಸ್ಟ್ರಿಬ್ಯೂಟರ್ ಬಾಡಿಗೂ ನಡುವೆ 0.4 ವೋಲ್ಟ್ ವ್ಯತ್ಯಾಸ. 0.1 ದಾಟಬಾರದು. (ಬ್ಯಾಟರಿಯ ಮೈನಸ್‌ಗೆ ನೇರವಾಗಿ ಅಳೆದರೆ ಸೆಲ್ಫ್ ಎಳೆಯುವ ಕರೆಂಟಿನ ನಷ್ಟವೂ ಸೇರಿ ಅಂಕಿ ಕಲಸುಮೇಲೋಗರವಾಗುತ್ತದೆ, ಹಾಗಾಗಿ ಎರಡು ಹಂತದಲ್ಲಿ ಅಳೆಯಬೇಕು.) ಅರ್ಥ್ ಕೆಟ್ಟಿರುವುದು ಖಚಿತ. ಮಾಡ್ಯೂಲ್ ಕೂಡ ಕೆಟ್ಟಿದೆಯೇ?

ಅದನ್ನು ಬಿಚ್ಚಿ ಮರದ ಬೆಂಚಿನ ಮೇಲೆ ಅಲ್ಯೂಮಿನಿಯಂ ಪಟ್ಟಿಗೆ ಬಿಗಿದೆ. ತಳದಿಂದ ಬ್ಯಾಟರಿಯ ಮೈನಸ್‌ಗೆ ದಪ್ಪ ವೈರು ಎಳೆದು ಅರ್ಥ್‌ನ ಪ್ರಶ್ನೆಯನ್ನೇ ತೆಗೆದುಹಾಕಿದೆ. ಕಾರಿನದೇ ಕಾಯಿಲ್, ಸ್ಪಾರ್ಕ್ ಟೆಸ್ಟರ್, ಸೆಲ್ಲು. ತಣ್ಣಗಿದ್ದಾಗ ಸೆಲ್ಲು ತೆಗೆದಾಗಲೆಲ್ಲ ಕಿಡಿ. ನಂತರ ಕೂದಲು ಒಣಗಿಸುವ ಡ್ರೈಯರ್‌ನಿಂದ ಬಿಸಿಗಾಳಿ ಹಿಡಿದೆವು. ಬಿಸಿ ನೋಡಲು ಇನ್‌ಫ್ರಾರೆಡ್ ಥರ್ಮಾಮೀಟರ್ ಬಳಸುವವರು ಹೊಳೆಯುವ ಲೋಹಕ್ಕೆ ನೇರ ಹಿಡಿಯಬಾರದು, ಅದು ಕಡಿಮೆ ತೋರಿಸುತ್ತದೆ. ಒಂದು ತುಂಡು ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಹಿಡಿಯಬೇಕು. 70 ಡಿಗ್ರಿ ಸಮೀಪಿಸಿದಾಗ ಕಿಡಿ ಬಿಟ್ಟು ಬಿಟ್ಟು ಬರತೊಡಗಿತು. ಇನ್ನು ಸ್ವಲ್ಪ ಏರಿದಾಗ ಪೂರ್ತಿ ನಿಂತಿತು. ಡ್ರೈಯರ್ ಆರಿಸಿ ಫ್ಯಾನ್ ಹಾಕಿದರೆ ಮರಳಿ ಬಂತು. ಬೆಟ್ಟದ ಮೇಲೆ ಪಿಕಪ್ ಹೇಳಿದ 75 ಡಿಗ್ರಿಗೆ ಇದು ಹೊಂದಿಕೊಳ್ಳುತ್ತದೆ.

ಯಜಮಾನರು ಡ್ರೈಯರನ್ನು ತಾವೇ ಕೈಗೆ ತೆಗೆದುಕೊಂಡು ಕಿಡಿಯನ್ನು ಸಾಯಿಸಿ, ಬದುಕಿಸಿ ನೋಡಿದರು. "ಈ ಬಿಸಿಗೆ ನಮ್ಮ ಬೇಸಿನ್ನಿನಲ್ಲಿ ಗೂಡು ಕೂಡ ಬೇಯುವುದಿಲ್ಲ" ಎಂದರು. ಸರಿಯಾದ ಮಾತು. ಬಾನೆಟ್ ಕೆಳಗೆ ಕೂರುವ ಭಾಗಕ್ಕೆ 75 ಡಿಗ್ರಿ ದಿನನಿತ್ಯದ ಬಿಸಿ. ಅಷ್ಟಕ್ಕೆ ಸುಸ್ತಾಗುವ ಮಾಡ್ಯೂಲ್ ಸತ್ತಂತೆಯೇ ಲೆಕ್ಕ.

ಈ ಬೆಂಚು ಪರೀಕ್ಷೆಗೆ ಒಂದು ಮಿತಿ ಇದೆ. ಇಲ್ಲಿ ವಿಫಲವಾದ ಮಾಡ್ಯೂಲ್ ಕೆಟ್ಟಿರುವುದು ಖಂಡಿತ. ಆದರೆ ಪಾಸಾದದ್ದು ಒಳ್ಳೆಯದೆಂಬ ಭರವಸೆ ಇಲ್ಲ, ಏಕೆಂದರೆ ಸೆಲ್ಲು ಮುಟ್ಟಿಸಿ ತೆಗೆಯುವಾಗ ಬರುವುದು ಒಂದೊಂದೇ ಕಿಡಿ. ಸೆಕೆಂಡಿಗೆ 100ರ ದುಡಿಮೆಯಲ್ಲಿ ಒಳಗೇ ಹುಟ್ಟುವ ಬಿಸಿ ಇಲ್ಲಿ ಹುಟ್ಟುವುದಿಲ್ಲ. ಬಿಡಿಭಾಗದ ಅಂಗಡಿಗಳಲ್ಲಿ ತಣ್ಣನೆಯ ಮಾಡ್ಯೂಲನ್ನು ಟೆಸ್ಟರ್‌ಗೆ ಸಿಕ್ಕಿಸಿ "ಓಕೆ ಇದೆ" ಎಂದು ಹಿಂದಿರುಗಿಸುತ್ತಾರಲ್ಲ, ಅದಂತೂ ಇನ್ನೂ ಕಡೆ.

ಎರಡೇ ವರ್ಷದಲ್ಲಿ ಏಕೆ?

ಮಾಡ್ಯೂಲಿನ ತಳ ನೋಡಿದಾಗ ಕಥೆ ತಾನೇ ತೆರೆದುಕೊಂಡಿತು. ಬಿಳಿ ಪೇಸ್ಟಿನ ಗುರುತೇ ಇರಲಿಲ್ಲ. ಒಂದು ಮೂಲೆ ಮಾತ್ರ ಉಜ್ಜಿ ಹೊಳೆಯುತ್ತಿತ್ತು, ಉಳಿದ ಭಾಗದಲ್ಲಿ ಧೂಳು ಮತ್ತು ತುಕ್ಕಿನ ಪುಡಿ. ಎರಡರಲ್ಲಿ ಒಂದು ಸ್ಕ್ರೂವಿನ ಮರೆ (ಸ್ಕ್ರೂ ಕಚ್ಚಿಕೊಳ್ಳುವ ಸುತ್ತುಗೆರೆ) ಹೋಗಿ, ಅದು ಸುಮ್ಮನೆ ಕೂತಿತ್ತೇ ಹೊರತು ಹಿಡಿದಿರಲಿಲ್ಲ.

ಎರಡು ಲೋಹದ ಮೈಗಳು ಎಷ್ಟೇ ಸಮತಟ್ಟಾಗಿ ಕಂಡರೂ ಒಂದಕ್ಕೊಂದು ಮುಟ್ಟುವುದು ಅಲ್ಲಲ್ಲಿ ಮಾತ್ರ, ನಡುವೆ ಗಾಳಿ. ಗಾಳಿ ಬಿಸಿಯನ್ನು ಸರಿಯಾಗಿ ದಾಟಿಸುವುದಿಲ್ಲ. ಆ ಸಂದುಗಳನ್ನು ತುಂಬಿ, ಟ್ರಾನ್ಸಿಸ್ಟರಿನ ಬಿಸಿಯನ್ನು ಡಿಸ್ಟ್ರಿಬ್ಯೂಟರಿನ ಲೋಹಕ್ಕೆ ದಾಟಿಸುವುದೇ ಪೇಸ್ಟಿನ ಕೆಲಸ. ಹೊಸ ಮಾಡ್ಯೂಲಿನ ಡಬ್ಬಿಯಲ್ಲಿ ಅದರ ಸಣ್ಣ ಪೊಟ್ಟಣ ಬರುವುದುಂಟು. ಅದೇನೆಂದು ತಿಳಿಯದೆ ಎಸೆಯುವುದೂ ಉಂಟು. ಪೇಸ್ಟ್ ಇಲ್ಲದೆ ಕೂರಿಸಿದ ಮಾಡ್ಯೂಲ್ ಅಂದೇ ಕೆಡುವುದಿಲ್ಲ, ಗ್ಯಾರೇಜಿನಿಂದ ಚೆನ್ನಾಗಿಯೇ ಹೊರಡುತ್ತದೆ. ಪ್ರತಿ ಬೇಸಿಗೆಯೂ ಬೆಸುಗೆಯನ್ನು ಒಂದಿಷ್ಟು ಸಡಿಲಿಸುತ್ತ ಹೋಗುತ್ತದೆ. ಹಾಕಿದವರಿಗೆ ಅದು ಗೊತ್ತಾಗುವುದೇ ಇಲ್ಲ ಎಂಬುದು ಈ ಕಸುಬಿನ ದೊಡ್ಡ ತೊಂದರೆ. ಪ್ಲಗ್ ವೈರಿನ ಬೂಟುಗಳಿಗೆ ಹಚ್ಚುವ ಸಿಲಿಕೋನ್ ಗ್ರೀಸನ್ನು ಇದರ ಬದಲಿಗೆ ಬಳಸುವವರನ್ನೂ ನೋಡಿದ್ದೇನೆ. ಅದು ತೇವ ತಡೆಯುವ ಗ್ರೀಸು. ಕಂಪ್ಯೂಟರ್ ಪ್ರೊಸೆಸರಿಗೆ ಹಚ್ಚುವ, ಬಿಸಿ ದಾಟಿಸುವ ಪೇಸ್ಟೇ ಇಲ್ಲಿ ಬೇಕು.

ಹೊಸ ಮಾಡ್ಯೂಲ್ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಂತು. ಹಾಕುವ ಮೊದಲು ಅದನ್ನೂ ಬೆಂಚಿನ ಮೇಲೆ ಬಿಸಿಮಾಡಿದೆ. 90 ಡಿಗ್ರಿಯಲ್ಲಿ ಬಹಳ ಹೊತ್ತು ಹಿಡಿದರೂ ಕಿಡಿ ತಪ್ಪಲಿಲ್ಲ. ಡಿಸ್ಟ್ರಿಬ್ಯೂಟರ್ ಒಳಗಿನ ಮೈಯನ್ನು ಸಣ್ಣ ಎಮರಿ ಕಾಗದದಿಂದ ಉಜ್ಜಿ ಒರೆಸಿ, ಹೋಗಿದ್ದ ಮರೆಯನ್ನು ಟ್ಯಾಪ್ ಹಾಕಿ ಸರಿಪಡಿಸಿ, ಪೇಸ್ಟನ್ನು ತೆಳುವಾಗಿ ಸವರಿದೆ. ದಪ್ಪ ಹಚ್ಚಿದರೆ ಹೆಚ್ಚು ಒಳ್ಳೆಯದು ಎಂಬುದು ತಪ್ಪು. ಲೋಹಕ್ಕೆ ಲೋಹ ಮುಟ್ಟುವಲ್ಲಿ ಮುಟ್ಟಬೇಕು, ಸಂದು ಮಾತ್ರ ತುಂಬಬೇಕು. ಪೇಸ್ಟಿನಲ್ಲಿ ಕರೆಂಟ್ ಹರಿಯುವುದಿಲ್ಲವಾದ್ದರಿಂದ ಸ್ಕ್ರೂ ಕೂರುವ ಜಾಗವನ್ನು ಒರೆಸಿ ಒಣದಾಗಿ ಬಿಟ್ಟೆ. ನಂತರ ಅರ್ಥ್ ವ್ಯತ್ಯಾಸ ಅಳೆದರೆ 0.05 ವೋಲ್ಟ್. ಪಿಕಪ್ ಮತ್ತು ರೋಟರ್ ಹಲ್ಲಿನ ನಡುವಿನ ಅಂತರವನ್ನು ಹಿತ್ತಾಳೆಯ ಫೀಲರ್ ಗೇಜಿನಿಂದ ನೋಡಿದೆ, 0.3 ಮಿಲಿಮೀಟರ್ ಇತ್ತು. ಉಕ್ಕಿನ ಗೇಜ್ ಅಲ್ಲಿನ ಅಯಸ್ಕಾಂತಕ್ಕೆ ಅಂಟಿಕೊಂಡು ಸುಳ್ಳು ಹೇಳುತ್ತದೆ. ಕಿಡಿ ಹಾರುವ ಸಮಯ ತೋರಿಸುವ ಟೈಮಿಂಗ್ ಲೈಟ್ ಹಿಡಿದು ಬಾನೆಟ್ ಕೆಳಗಿನ ಚೀಟಿಯಲ್ಲಿದ್ದ ಡಿಗ್ರಿಗೆ ಹೊಂದಿಸಿದೆ.

ಮತ್ತೆ ಅದೇ ಬೆಟ್ಟ, ಅದೇ ಬಿಸಿಲಿನ ಹೊತ್ತು, ಮೇಲೆ ಅದೇ ಕಾಯುವಿಕೆ. ಕೀಲಿ ತಿರುಗಿಸಿದಾಗ ಕೆಂಪು ದೀಪ ಮಿನುಗಿತು, ಎಂಜಿನ್ ಹಿಡಿಯಿತು. ಇಳಿಯುವಾಗಲೂ ದೀಪ ನೋಡುತ್ತಲೇ ಬಂದೆವು. ಇಳಿಜಾರಿನಲ್ಲಿ ಎಂಜಿನ್ ಸತ್ತರೆ ಬ್ರೇಕ್ ಬೂಸ್ಟರಿಗೆ ಸಿಗುವ ವ್ಯಾಕ್ಯೂಮ್ ನಿಂತು, ಒಂದೆರಡು ಬಾರಿ ಒತ್ತಿದ ಮೇಲೆ ಪೆಡಲ್ ಕಲ್ಲಾಗುತ್ತದೆ. "ಕಾದರೆ ಸ್ಟಾರ್ಟ್ ಆಗುತ್ತದೆ" ಎಂದು ಈ ದೋಷವನ್ನು ತಳ್ಳಿಕೊಂಡು ಓಡಿಸುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.

ಬೇಸಿಗೆಯಲ್ಲಿ ಸುಮ್ಮನೆ ಬದಲಿಸಿದ್ದ ಹಳೆಯ ಕಾಯಿಲ್ ಡಿಕ್ಕಿಯಲ್ಲೇ ಬಿದ್ದಿತ್ತು. ಅಳೆದು ನೋಡಿದೆ, ಅದೂ 1.3 ಓಮ್, ಬೆಂಚಿನ ಮೇಲೆ ಒಳ್ಳೆಯ ಕಿಡಿ. ಬಿಡಿಯಾಗಿ ಇಟ್ಟುಕೊಳ್ಳಿ ಎಂದು ಯಜಮಾನರಿಗೆ ಹಿಂದಿರುಗಿಸಿದೆ. ಪೆಟ್ರೋಲ್ ಪೈಪಿಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿದಾಗ ಕೆಳಗಿನ ರಬ್ಬರ್ ಒಣಗಿ ಸಣ್ಣ ಸಣ್ಣ ಬಿರುಕು ಬಿಟ್ಟಿರುವುದು ಕಂಡಿತು. ಗಾಡಿ ನಿಲ್ಲುತ್ತಿದ್ದುದಕ್ಕೆ ಎಥನಾಲ್ ಕಾರಣವಲ್ಲದಿದ್ದರೂ ಅಷ್ಟು ಹಳೆಯ ರಬ್ಬರಿಗೆ ಅದು ಮಿತ್ರನಲ್ಲ. ಪಂಪಿನಿಂದ ಕಾರ್ಬ್ಯುರೇಟರ್‌ವರೆಗಿನ ಪೈಪುಗಳನ್ನು ಎಥನಾಲ್ ತಾಳುವ ಹೊಸ ಪೈಪುಗಳಿಂದ ಬದಲಿಸಿ, ಕ್ಲಿಪ್ಪುಗಳನ್ನೂ ಹೊಸದಾಗಿ ಹಾಕಿ ಗಾಡಿಯನ್ನು ಕಳುಹಿಸಿದೆ.